371(ಜೆ) ತಂದವರು ಯಾರು: ಅಪ್ಪನ ಪಕ್ಷವೋ, ಕಾಕಾನ ಪಕ್ಷವೋ?

ಪ್ರಶ್ನೆ: ನಮ್ಮದು ಆಳಂದ ತಾಲ್ಲೂಕಿನ ಹಳ್ಳಿ. ಕಲಬುರಗಿಯೊಳಗ ರೂಮ್ ಮಾಡಿ ಕೆಎಎಸ್‌ಗೆ ಓದ್ಲಾಕತ್ತೀನ್ರಿ. ಊರಿಗೆ ಹೋದಾಗೊಮ್ಮೆ ಮನ್ಯಾಗ ಇದೇ ವಾದ. ನಮ್ಮ ಹೈದರಾಬಾದ್ ಕರ್ನಾಟಕ ಭಾಗದವರಿಗೆ ನೌಕರಿ, ಶಿಕ್ಷಣದಾಗ ಮೀಸಲಾತಿಗೆ ದಾರಿ ಮಾಡಿದ ಸಂವಿಧಾನದ 371(ಜೆ) ವಿಧಿ ತಂದವರು ಕಾಂಗ್ರೆಸ್ಸಿನವರು ಅಂತ ಅಪ್ಪ, ಬಿಜೆಪಿ ಕೈ ಎತ್ತದಿದ್ದರ ಪಾಸೇ ಆಗ್ತಿದ್ದಿಲ್ಲ ಅಂತ ಕಾಕಾ. ಖರೇ ಯಾವುದ್ರಿ? ಅಧಿಕಾರ ಇದ್ದರ ಸಾಕಲ್ಲೇನು?

ಉತ್ತರ: ಇಬ್ಬರದೂ ಖರೇನೇ. ಆದರೆ ಇಬ್ಬರೂ 2004ನ್ನು ಮರೆತಿದ್ದಾರೆ. ಆ ವರ್ಷ ದಿಲ್ಲಿಯಲ್ಲಿ ಕಾಂಗ್ರೆಸ್ ನೇತೃತ್ವದ ಸರ್ಕಾರ ಬಂತು, ಬೆಂಗಳೂರಿನಲ್ಲಿ ಕಾಂಗ್ರೆಸ್ಸಿನವರೇ ಆದ ನಮ್ಮ ಜೇವರ್ಗಿಯ ಧರ್ಮಸಿಂಗ್ ಮುಖ್ಯಮಂತ್ರಿಯಾದರು. ಇದಕ್ಕಿಂತ ಅನುಕೂಲದ ಗಳಿಗೆ ಬೇಕೇ? ಆದರೂ ತಿದ್ದುಪಡಿ ಆಗಲಿಲ್ಲ. ಆದದ್ದು 2012ರ ಡಿಸೆಂಬರಿನಲ್ಲಿ, ದಿಲ್ಲಿಯಲ್ಲಿ ಕಾಂಗ್ರೆಸ್, ಬೆಂಗಳೂರಿನಲ್ಲಿ ಬಿಜೆಪಿ ಇದ್ದಾಗ!

ಸಂವಿಧಾನ ತಿದ್ದಲು ಎರಡೂ ಸದನಗಳಲ್ಲಿ ಹಾಜರಿದ್ದು ಮತ ಹಾಕಿದವರ ಪೈಕಿ ಮೂರನೇ ಎರಡರಷ್ಟು ಬೆಂಬಲ ಬೇಕು. ಕಾಂಗ್ರೆಸ್ ಮೈತ್ರಿಕೂಟವಾದ ಯುಪಿಎಗೆ ಅಷ್ಟು ಬಲ ಎಂದೂ ಇರಲಿಲ್ಲ. ಎಂದರೆ ವಿರೋಧ ಪಕ್ಷ ಒಪ್ಪಲೇಬೇಕು. ವಾಜಪೇಯಿ ಸರ್ಕಾರದಲ್ಲಿ ಗೃಹ ಸಚಿವರಾಗಿದ್ದ ಅಡ್ವಾಣಿಯವರು ಇದೇ ಬೇಡಿಕೆಯನ್ನು ತಳ್ಳಿಹಾಕಿದ್ದರು. ಮುಂದೆ ಅದೇ ಪಕ್ಷ ಒಪ್ಪಿದ್ದೇಕೆ? ನನ್ನ ಪ್ರಕಾರ, ಬೇಡ ಎನ್ನುವುದು ಆ ಹೊತ್ತಿಗೆ ದುಬಾರಿಯಾಗಿತ್ತು. ವೈಜನಾಥ ಪಾಟೀಲರಂಥವರ ವರ್ಷಗಟ್ಟಲೆ ಹೋರಾಟದಿಂದ ಬೇಡಿಕೆ ಊರೂರಿಗೆ ತಲುಪಿತ್ತು. ವಿಧಾನಸಭೆ ಚುನಾವಣೆಗೆ ಆರು ತಿಂಗಳೂ ಉಳಿದಿರಲಿಲ್ಲ. ಅದೇ ಡಿಸೆಂಬರಿನಲ್ಲಿ ಯಡಿಯೂರಪ್ಪ ಬೇರೆ ಪಕ್ಷವನ್ನೇ ಕಟ್ಟಿಕೊಂಡರು. ಅಂಥ ಹೊತ್ತಲ್ಲಿ ಈ ಭಾಗದ ಆರು ಜಿಲ್ಲೆಗಳ ಸಿಟ್ಟನ್ನು ಯಾರು ಮೈಮೇಲೆ ಎಳೆದುಕೊಳ್ಳುತ್ತಾರೆ? ಇತ್ತ ಕಾಂಗ್ರೆಸ್ಸಿಗೆ ರಾಜ್ಯವನ್ನು ಮರಳಿ ಗೆಲ್ಲಬೇಕಿತ್ತು, ಕೇಂದ್ರ ಸಂಪುಟದೊಳಗೆ ಖರ್ಗೆಯವರು ಕೂತಿದ್ದರು. 2004ರಲ್ಲಿ ಕುರ್ಚಿಯಿತ್ತು, ಇಂಥ ಒತ್ತಡ ಇರಲಿಲ್ಲ.

2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕವಾಯಿತಲ್ಲ, ಅದು ಇನ್ನೊಂದು ಬಗೆ. ಹೆಸರಿಗೆ ಮೂರನೇ ಎರಡು ಬಹುಮತವೂ ಬೇಡ, ದೊಡ್ಡ ಬಜೆಟ್ಟೂ ಬೇಡ. ನಾನು ಅದನ್ನು ಹಗುರವಾಗಿ ನೋಡುತ್ತಿಲ್ಲ, ಈ ಭಾಗವನ್ನು ಆಳಿದ್ದ ಹೈದರಾಬಾದಿನ ನಿಜಾಮನ ನೆನಪು ಇಲ್ಲಿ ಇನ್ನೂ ಹಸಿಯಾಗಿದೆ. ಆದರೆ ಅದರಿಂದ ನಿಮ್ಮ ಕೆಎಎಸ್‌ಗೆ ಒಂದು ಹುದ್ದೆಯೂ ಹೆಚ್ಚಲಿಲ್ಲ.

ನಿಮಗೆ ಸಂಬಂಧಿಸಿದ ಆಟ ಬೇರೆ ಕಡೆ ನಡೆಯುತ್ತದೆ. ತಿದ್ದುಪಡಿಯಲ್ಲಿ ಶೇಕಡಾವಾರು ಯಾವುದೂ ಇಲ್ಲ. ರಾಜ್ಯಪಾಲರಿಗೆ ವಿಶೇಷ ಹೊಣೆ ಕೊಡಲು ಅದು ದಾರಿ ಮಾಡಿತು, ಅಷ್ಟೇ. ಸ್ಥಳೀಯ ವೃಂದದ, ಎಂದರೆ ಈ ಭಾಗದ ಸರ್ಕಾರಿ ಹುದ್ದೆಗಳ, ಸಿ ವರ್ಗದಲ್ಲಿ ಶೇ 80, ಡಿ ವರ್ಗದಲ್ಲಿ ಶೇ 85 ಎಂಬ ಮೀಸಲಾತಿ ಬಂದದ್ದು 2013ರ ಆದೇಶದಲ್ಲಿ. ಅಲ್ಲಿಂದಾಚೆ ಲಗಾಮು ರಾಜ್ಯ ಸರ್ಕಾರದ ಕೈಯಲ್ಲೇ ಇದೆ. ನೇಮಕಾತಿ ಅಧಿಸೂಚನೆಯನ್ನೇ ಹೊರಡಿಸದಿದ್ದರೆ ಶೇ 80 ಯಾವುದರಲ್ಲಿ ಲೆಕ್ಕ ಹಾಕುತ್ತೀರಿ? ಇದನ್ನು ತಡೆಯಲು ಸದನದಲ್ಲಿ ವಿರೋಧಿಸಬೇಕಿಲ್ಲ, ಕಡತದ ಮೇಲೆ ಕೈಯಿಟ್ಟು ಕೂತರೆ ಆಯಿತು. ಯಾವ ಪಕ್ಷಕ್ಕೂ ಅದರ ಕೆಟ್ಟ ಹೆಸರು ಬರುವುದಿಲ್ಲ.

ಮುಂದಿನ ಸಲ ಊರಿಗೆ ಹೋದಾಗ ಅಪ್ಪನಿಗೂ ಕಾಕಾಗೂ ಒಂದೇ ಪ್ರಶ್ನೆ ಕೇಳಿ: ನಿಮ್ಮ ಪಕ್ಷದ ಕಾಲದಾಗ ಖಾಲಿ ಹುದ್ದೆ ಎಷ್ಟು ತುಂಬಿದ್ವು?