ಎಂಟು ವರ್ಷ ಆಡಳಿತಾಧಿಕಾರಿ, ಮುಂದೇನು?

ಪ್ರಶ್ನೆ: ಬಾಗಲಕೋಟೆಯ 120 ಹಾಸಿಗೆಯ ಖಾಸಗಿ ಆಸ್ಪತ್ರೆಯಲ್ಲಿ ಎಂಟು ವರ್ಷದಿಂದ ಆಡಳಿತಾಧಿಕಾರಿ. ಬಿ.ಕಾಂ. ಓದಿದ್ದೇನೆ, ವಯಸ್ಸು 37. ಬಿಲ್ಲಿಂಗ್, ಸಿಬ್ಬಂದಿ, ಸರ್ಕಾರಿ ಸ್ಕೀಮ್ ಕೇಸು ಎಲ್ಲ ನನ್ನ ಮೇಲೆಯೇ. ಬಡ್ತಿ ಮಾತ್ರ ಇಲ್ಲ. ಕೆಲಸ ಬಿಟ್ಟು ಎಂಎಚ್‌ಎ (ಆಸ್ಪತ್ರೆ ಆಡಳಿತದ ಸ್ನಾತಕೋತ್ತರ ಪದವಿ) ಓದಲೇ, ಬೆಳಗಾವಿ ಕಡೆ ಹೋಗಲೇ?

ಉತ್ತರ: ಮೊದಲು ನಿಮ್ಮ ಮೇಲೆ ಕುರ್ಚಿ ಇದೆಯೇ ನೋಡಿ. ವೈದ್ಯ ಕುಟುಂಬದ ಆಸ್ಪತ್ರೆಯಲ್ಲಿ ಆಡಳಿತಾಧಿಕಾರಿಯ ಮೇಲೆ ಮಾಲೀಕರೇ; ಮಗನೋ ಸೊಸೆಯೋ ಪಿಜಿ ಮುಗಿಸಿ ಬಂದರೆ ಆ ಜಾಗ ಅವರದು. ಮೆಡಿಕಲ್ ಸುಪರಿಂಟೆಂಡೆಂಟ್ ಹುದ್ದೆಗೆ ಸಾಮಾನ್ಯವಾಗಿ ಎಂಬಿಬಿಎಸ್ ಕೇಳುತ್ತಾರೆ. ನಿಮಗೆ ತೆರೆದಿರುವುದು ಆಪರೇಷನ್ಸ್, ಕ್ವಾಲಿಟಿ, ಇನ್ಶೂರೆನ್ಸ್ ವಿಭಾಗಗಳ ಮುಖ್ಯಸ್ಥರ ಹುದ್ದೆ. ಅವು ಇರುವುದು ಹೆಚ್ಚಾಗಿ ದೊಡ್ಡ ಆಸ್ಪತ್ರೆಗಳಲ್ಲಿ.

ಎಂಎಚ್‌ಎಗೆ ಎರಡು ವರ್ಷ. ಸಂಬಳ ಬಿಟ್ಟು ಓದಿ ಬಂದರೆ ಹೊಸ ಹುಡುಗರ ಸಾಲಿನಲ್ಲೇ ನಿಲ್ಲಬೇಕಾದೀತು. ಕೆಲಸದಲ್ಲಿದ್ದುಕೊಂಡೇ ಓದುವ ಕೋರ್ಸ್ ನೋಡಿ, ಯುಜಿಸಿ ಮಾನ್ಯತೆ ಇದ್ದರೆ ಮಾತ್ರ.

ಅದಕ್ಕೂ ಮೊದಲು ಲೆಕ್ಕ. ಸಂದರ್ಶನದಲ್ಲಿ "ಎಲ್ಲ ನಾನೇ ನೋಡಿಕೊಳ್ಳುತ್ತಿದ್ದೆ" ಅಂದರೆ ಯಾರೂ ಕಿವಿಗೊಡುವುದಿಲ್ಲ. 120 ಹಾಸಿಗೆಗೆ 30 ದಿನದಲ್ಲಿ 3,600 ಹಾಸಿಗೆ-ದಿನ. ರೋಗಿಗಳು ಬಳಸಿದ್ದು 2,520 ಆದರೆ ಭರ್ತಿ ಶೇ. 70. ಅದೇ ತಿಂಗಳು 630 ಜನ ಡಿಸ್ಚಾರ್ಜ್ ಆಗಿದ್ದರೆ ಸರಾಸರಿ ವಾಸ 4 ದಿನ. ಡಾಕ್ಟರು ಡಿಸ್ಚಾರ್ಜ್ ಬರೆದ ಹೊತ್ತಿನಿಂದ ಹಾಸಿಗೆ ಖಾಲಿಯಾಗುವವರೆಗಿನ ಸಮಯವನ್ನೂ ಅಳೆಯಿರಿ. ಉಳಿದ ಔಷಧಿ ವಾಪಸ್, ಸಮ್ಮರಿ ಟೈಪಿಂಗ್, ಟಿಪಿಎ (ವಿಮಾ ಕಂಪನಿಯ ಪರವಾಗಿ ಕ್ಲೇಮು ನೋಡುವ ಸಂಸ್ಥೆ) ಅನುಮತಿ ಮೂರಕ್ಕೂ ಬೇರೆ ಬೇರೆ ಕಾಲಂ ಇರಲಿ. ಒಟ್ಟು ಗಂಟೆ ಮಾತ್ರ ಬರೆದರೆ ಫೈಲು ಯಾರ ಮೇಜಿನ ಮೇಲೆ ಕೂತಿತ್ತೆಂದು ತಿಳಿಯದು. ಇನ್ನು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ಕ್ಲೇಮುಗಳು: ಕಳಿಸಿದ್ದೆಷ್ಟು, ತಿರಸ್ಕೃತವಾದದ್ದೆಷ್ಟು, ಯಾವ ಕಾಗದ ಇಲ್ಲದ್ದಕ್ಕೆ. ಸ್ಕೀಮ್ ಹಣ ತಡವಾದರೆ ಔಷಧಿ ಏಜೆನ್ಸಿಯ ಬಿಲ್ಲು ನಿಲ್ಲುವುದನ್ನು ನಿಮಗೆ ಹೇಳಬೇಕಿಲ್ಲ.

ಇದನ್ನು ಮಾಲೀಕರಿಗೆ ತಿಂಗಳ ವರದಿಯಾಗಿ ಕೊಡಿ. ಅವರ ಒಪ್ಪಿಗೆ ಪಡೆದು ಒಟ್ಟು ಅಂಕಿಗಳನ್ನಷ್ಟೇ ನಿಮ್ಮಲ್ಲಿಟ್ಟುಕೊಳ್ಳಿ. ರೋಗಿಯ ಹೆಸರು, ಐಪಿ (ಒಳರೋಗಿ) ನಂಬರ್ ಇರುವ ಹಾಳೆ ಮನೆಗೆ ಹೋಗಬಾರದು. ಎನ್‌ಎಬಿಎಚ್ (ಆಸ್ಪತ್ರೆಯ ಗುಣಮಟ್ಟಕ್ಕೆ ಕೊಡುವ ರಾಷ್ಟ್ರೀಯ ಮಾನ್ಯತೆ) ಆಗಿಲ್ಲದಿದ್ದರೆ ಆ ಕೆಲಸ ನೀವೇ ಕೇಳಿ ಪಡೆಯಿರಿ. 2025ರಲ್ಲಿ 6ನೇ ಆವೃತ್ತಿಯ ಮಾನದಂಡ ಬಂದಿದೆ. ಬೇರೆ ಆಸ್ಪತ್ರೆಯ ಹಳೆಯ ಫೈಲು ನಕಲು ಮಾಡಿದವರು ತಪಾಸಣೆಯ ದಿನ ವಾರ್ಡಿನಲ್ಲೇ ಸಿಕ್ಕಿಬೀಳುತ್ತಾರೆ, ಏಕೆಂದರೆ ಅಸೆಸರ್ ಕೇಳುವುದು ನರ್ಸನ್ನು, ಫೈಲನ್ನಲ್ಲ.

ಹನ್ನೆರಡು ತಿಂಗಳ ಲೆಕ್ಕ ಕೈಯಲ್ಲಿದ್ದಾಗ ಬೆಳಗಾವಿಗೆ ಅರ್ಜಿ ಹಾಕಿ. ಸಂಬಳಕ್ಕೂ ಮೊದಲು ಕೇಳಿ: ಯಾರಿಗೆ ವರದಿ ಮಾಡಬೇಕು, ಎಷ್ಟು ರೂಪಾಯಿವರೆಗೆ ಖರೀದಿಗೆ ನನ್ನ ಸಹಿ ನಡೆಯುತ್ತದೆ? ಎರಡನೆಯದಕ್ಕೆ ಉತ್ತರ ತಡವರಿಸಿದರೆ ಅಲ್ಲೂ ಇದೇ ಕಥೆ. ಬಿಡುವಾಗ ರಿಲೀವಿಂಗ್ ಲೆಟರ್ ಪಡೆಯಿರಿ. ಪಿಎಫ್ ತೆಗೆಯಬೇಡಿ, ವರ್ಗಾಯಿಸಿ.

ಪ್ರಶ್ನೆ: ಬೆಂಗಳೂರಿನ ಆಸ್ಪತ್ರೆಯಲ್ಲಿ ಮ್ಯಾನೇಜರ್ ಹುದ್ದೆ ಕೊಡಿಸುತ್ತೇವೆಂದು ಏಜೆನ್ಸಿಯವರು ಮುಂಗಡ ಕೇಳುತ್ತಿದ್ದಾರೆ. ಕೊಡಬಹುದೇ? (ವಿಜಯಪುರ)

ಉತ್ತರ: ಬೇಡ. ಈ ಮಟ್ಟದ ಹುದ್ದೆಗೆ ಏಜೆನ್ಸಿಯ ಫೀ ಕೊಡುವುದು ಆಸ್ಪತ್ರೆ. ಆ ಆಸ್ಪತ್ರೆಯ ಎಚ್‌ಆರ್‌ಗೆ ನೇರವಾಗಿ ಫೋನ್ ಮಾಡಿ ಹುದ್ದೆ ಖಾಲಿ ಇದೆಯೇ ಕೇಳಿ.