ಅಮ್ಮನ ಧಾರೆ ಸೀರೆ ಮಗಳಿಗೆ ಉಡಿಸುವ ಮುನ್ನ

ಪ್ರಶ್ನೆ: ಅಮ್ಮ 1970ರ ಸುಮಾರಿಗೆ ಉಟ್ಟ ಧಾರೆ ಸೀರೆಯನ್ನು ಮಗಳ ಮದುವೆಗೆ ತೆಗೆದರೆ ಮಡಿಕೆಯಲ್ಲಿ ಎರಡು ಕಡೆ ಸೀಳಿದೆ. ಜರಿ ಚೆನ್ನಾಗಿಯೇ ಇದೆ. ಉಡಿಸಬಹುದೇ?
— ಓದುಗರು, ಮಂಡ್ಯ

ಉತ್ತರ: ಜರಿಯ ಹೊಳಪು ನೋಡಿ ತೀರ್ಮಾನಿಸಬೇಡಿ. ಸೀರೆಯ ಆಯಸ್ಸು ಒಡಲಿನ ರೇಷ್ಮೆಯದು. ವರ್ಷಗಟ್ಟಲೆ ಒಂದೇ ಗೆರೆಯಲ್ಲಿ ಮಡಿಸಿ ಇಟ್ಟರೆ ಅಲ್ಲಿನ ಎಳೆ ಮುರಿಯುತ್ತದೆ. ಇಸ್ತ್ರಿಯ ಬಿಸಿ ಅದನ್ನು ಬೇಗ ಮುಗಿಸುತ್ತದೆ.

ಬಿಳಿ ಪಂಚೆಯ ಮೇಲೆ ಹರಡಿ, ಸ್ವಲ್ಪ ಸ್ವಲ್ಪವಾಗಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಮಡಿಕೆಯ ಅಕ್ಕಪಕ್ಕ ಎರಡೂ ಹೆಬ್ಬೆರಳಿಟ್ಟು ಮೆಲ್ಲಗೆ ಎಳೆಯಿರಿ. ಚರ್ ಎಂದು ಬಿಟ್ಟುಕೊಂಡರೆ, ಬೆರಳಿಗೆ ಪುಡಿ ಹತ್ತಿದರೆ ಯಾವ ರಫುವೂ ನಿಲ್ಲದು, ಸೂಜಿ ಚುಚ್ಚಿದಲ್ಲೇ ಮತ್ತೆ ಹರಿಯುತ್ತದೆ. ಅಂಥ ಸೀರೆಯ ಅಂಚು, ಸೆರಗು ಬಿಡಿಸಿ ಹೊಸ ರೇಷ್ಮೆಗೆ ಕೂಡಿಸುವುದೇ ಮೇಲು. ಸೆರಗನ್ನು ಬೇರೆಯಾಗಿ ನೇಯ್ದು ಕೂಡಿಸಿದ ಸೀರೆಯಾದರೆ ಆ ಕೂಡುವ ಗೆರೆಯನ್ನೂ, ಹೆಗಲ ಪಿನ್ನಿನ ತೂತುಗಳನ್ನೂ ಮರೆಯದೆ ನೋಡಿ.

ಉಳಿದ ಬಟ್ಟೆ ಗಟ್ಟಿಯಿದ್ದು ಸೀಳು ಎರಡೇ ಇದ್ದರೆ ಉಳಿಸಬಹುದು. ಮೊದಲು ಹಳೆಯ ಫಾಲ್ ಬಿಚ್ಚಿಸಿ, ಅದು ಕುಗ್ಗಿ ಅಂಚನ್ನು ಎಳೆಯುತ್ತಿರುತ್ತದೆ. ಸೀಳಿನ ಸುತ್ತ ನಾಲ್ಕು ಬೆರಳು ಹೆಚ್ಚಾಗುವಂತೆ ಅದೇ ಬಣ್ಣದ ತೆಳು ನೆಟ್ ಹಿಂದಿಟ್ಟು, ಒಂಟಿ ರೇಷ್ಮೆ ಎಳೆಯಲ್ಲಿ ಸಡಿಲವಾಗಿ ಹೊಲಿಸಿ. ಇಸ್ತ್ರಿ ಒತ್ತಿ ಅಂಟಿಸುವ ಬಟ್ಟೆ ಮಾತ್ರ ಬೇಡ: ಅಂಟಿದ ಕಡೆ ಬಿರುಸಾಗಿ ಅದರ ಅಂಚಿನಲ್ಲೇ ಹೊಸ ಸೀಳು ಬರುತ್ತದೆ.

ಇನ್ನೊಂದು ಮಾತು. ಧಾರೆಗೆ ಚಕ್ಕಳಮಕ್ಕಳ ಹಾಕಿ ಗಂಟೆಗಟ್ಟಲೆ ಕೂರಬೇಕು. ಮಂಡಿ, ನೆರಿಗೆ ಎರಡೂ ಜಗ್ಗುತ್ತವೆ. ನಿಂತೇ ಇರುವ ಆರತಕ್ಷತೆಗೆ ಹಳೆಯದನ್ನು ಉಡಿಸಿ, ಧಾರೆಗೆ ಹೊಸದು ಇರಲಿ. ಹಿರಿಯರು ಒಪ್ಪದಿದ್ದರೆ ಧಾರೆಗೆ ಉಟ್ಟು ಊಟಕ್ಕೆ ಮೊದಲೇ ಬದಲಿಸಲಿ. ಹಳೆಯ ರವಿಕೆಯ ಕಂಕುಳು ಬೆವರಿಗೆ ಸವೆದಿರುತ್ತದೆ, ಹೊಸದು ಹೊಲಿಸಿ.

ಪ್ರಶ್ನೆ: ಹಳೆಯ ಮೈಸೂರು ಸಿಲ್ಕ್ ಸೀರೆ ಮಾರಾಟಕ್ಕಿದೆ. ಅಸಲಿಯೋ ನಕಲಿಯೋ ತಿಳಿಯುವುದು ಹೇಗೆ?
— ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಮೈಸೂರು ಸಿಲ್ಕ್ ನೇಯುವ ಮಾನಂದವಾಡಿ ರಸ್ತೆಯ ಕಾರ್ಖಾನೆ 1912ರದು, ಸರ್ಕಾರದ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ (ಕೆಎಸ್ಐಸಿ) ಕೈಗೆ ಬಂದದ್ದು 1980ರಲ್ಲಿ. ಈಗಿನ ಸೀರೆಗಳಿಗೆ ಹೋಲೋಗ್ರಾಂ, ಸಂಖ್ಯೆ ಇರುತ್ತವೆ. ಹಳೆಯದರಲ್ಲಿ ಇಲ್ಲವೆಂದ ಮಾತ್ರಕ್ಕೆ ನಕಲಿಯಲ್ಲ. ಮಾರುವವರ ಒಪ್ಪಿಗೆ ಪಡೆದು ಒಳಗಡೆಯ ತುದಿಯಿಂದ ಒಂದು ಜರಿ ಎಳೆ ತೆಗೆದು ಉಗುರಿನಲ್ಲಿ ಕೆರೆಯಿರಿ. ಬೆಳ್ಳಿ ತಗಡು ಸುರುಳಿ ಬಿಚ್ಚಿಕೊಂಡು ಒಳಗೆ ಕೆಂಪು ಅಥವಾ ಹಳದಿ ರೇಷ್ಮೆ ಕಂಡರೆ ಅಸಲಿ ಜರಿ. ಲೋಹವೇ ತಾಮ್ರದ ಬಣ್ಣಕ್ಕೆ ತಿರುಗಿದರೆ ತಾಮ್ರದ ಜರಿ. ಬರೀ ಹಾಳೆಯಂತೆ ಸಿಪ್ಪೆ ಎದ್ದರೆ ಪ್ಲಾಸ್ಟಿಕ್. ಒಡಲಿನ ಒಂದೆಳೆ ಸುಟ್ಟು ನೋಡಿ: ರೇಷ್ಮೆ ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ. ಒದ್ದೆ ಬಿಳಿ ಬಟ್ಟೆಯಿಂದ ಒರೆಸಿ ಬಣ್ಣ ಬಿಡುವುದೇ ಎಂದೂ ನೋಡಿ. ಅಳತೆ ನೀವೇ ಹಾಕಿ, ಹರಿದ ತುದಿಯನ್ನು ಕತ್ತರಿಸಿ ಮಾರುವುದುಂಟು. ಹಳೆ ಜರಿ ಸೀರೆ ಕೊಳ್ಳುವವರು ಕೊಡುವುದು ಬೆಳ್ಳಿಯ ಬೆಲೆ, ಉಡುವ ಸೀರೆಯ ಬೆಲೆಗೂ ಅದಕ್ಕೂ ತಾಳೆಯಿಲ್ಲ.

ಪ್ರಶ್ನೆ: ಮದುವೆ ಮುಗಿದ ಮೇಲೆ ಹೇಗೆ ಎತ್ತಿಡಬೇಕು? ಅರಿಶಿನದ ಕಲೆಯೂ ಇದೆ.
— ಓದುಗರು, ಪಾಂಡವಪುರ

ಉತ್ತರ: ಅರಿಶಿನಕ್ಕೆ ಸೋಪು ಹಾಕಿದರೆ ಕೆಂಪಾಗುತ್ತದೆ. ಮುಟ್ಟದೆ, ಏನು ಬಿದ್ದಿದೆ ಎಂದು ಹೇಳಿಯೇ ಡ್ರೈಕ್ಲೀನಿಂಗ್‌ಗೆ ಕೊಡಿ. ಧಾರೆಯ ಹಾಲು ಬಿದ್ದಿದ್ದರೆ ಅದನ್ನೂ ಹೇಳಿ. ಅದಕ್ಕೆ ಮೊದಲು ಒಂದು ರಾತ್ರಿ ನೆರಳಲ್ಲಿ ಹರಡಿ ಬೆವರು ಆರಿಸಿ. ಬಂದ ಮೇಲೆ ಪ್ಲಾಸ್ಟಿಕ್ ಕವರ್ ತೆಗೆದು, ಗಂಜಿ ಹಾಕದೆ ಒಗೆದ ಹಳೆ ಪಂಚೆಯಲ್ಲಿ ಸುತ್ತಿ. ನುಸಿ ಗುಳಿಗೆ ಜರಿಗೆ ತಾಗಬಾರದು, ಬಟ್ಟೆಯ ಚೀಲದಲ್ಲಿ ಬೀರುವಿನ ಮೂಲೆಗಿರಲಿ. ಮೂರು ತಿಂಗಳಿಗೊಮ್ಮೆ ತೆಗೆದು ಮಡಿಕೆಯ ಗೆರೆ ಬದಲಿಸಿ, ಮಳೆ ಹಿಡಿದ ದಿನ ಮಾತ್ರ ಬೇಡ. ಜರಿ ಕಪ್ಪಾದರೆ ಹುಣಸೆಹಣ್ಣಿನಲ್ಲಿ ಉಜ್ಜಬೇಡಿ, ತೆಳುವಾದ ಚಿನ್ನದ ಲೇಪವೇ ಸವೆದುಹೋಗುತ್ತದೆ.