ಕಾರ್ಪಲ್ ಟನಲ್ ಆಪರೇಶನ್ ಆದ್ಮೇಲೆ ಕೈಗೆ ಯಾವ ವ್ಯಾಯಾಮ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ, ನಾನು ಮುಂಬೈ ಹತ್ರದ ಡೊಂಬಿವಲಿಯವಳು, ಮನೇಲೇ ಊಟದ ಡಬ್ಬಾ ಮಾಡಿಕೊಡ್ತೀನಿ, ಬಲಗೈಗೆ ಕಾರ್ಪಲ್ ಟನಲ್ ಆಪರೇಶನ್ ಆಗಿ 3 ವಾರ ಆಯ್ತು, ಹೊಲಿಗೆ ಬಿಚ್ಚಿದಾರೆ. ಮುಷ್ಟಿ ಪೂರ್ತಿ ಕಟ್ಟೋಕಾಗಲ್ಲ, ಅಂಗೈ ಬುಡ ನೋಯುತ್ತೆ. ಚಪಾತಿ ಹಿಟ್ಟು ಯಾವಾಗ ನಾದಬಹುದು?

ಉತ್ತರ: ಗಾಬರಿ ಬೇಡಮ್ಮ, ಮಣಿಕಟ್ಟಿನಲ್ಲಿ ನರ ಮತ್ತೆ ಬೆರಳು ಮಡಚೋ 9 ಸ್ನಾಯುರಜ್ಜು (ಸ್ನಾಯೂನ ಮೂಳೆಗೆ ಸೇರಿಸೋ ಹಗ್ಗದಂಥ ಭಾಗ) ಒಂದೇ ಇಕ್ಕಟ್ಟಾದ ದಾರೀಲಿ ಹೋಗುತ್ವೆ, ಆ ದಾರೀನೇ ಕಾರ್ಪಲ್ ಟನಲ್, ಅದರ ಮೇಲಿನ ಗಟ್ಟಿ ಪಟ್ಟೀನ ಕತ್ತರಿಸಿರ್ತಾರಲ್ಲ, ಅದು ಕೂಡ್ಕೊಳ್ಳೋವರೆಗೂ ಅಂಗೈ ಬುಡ ನೋಯೋದು ಸಾಮಾನ್ಯ, ಕೆಲವರಿಗೆ ತಿಂಗಳುಗಟ್ಟಲೆ ಇರುತ್ತೆ.

ಈಗ ಮುಖ್ಯ ಆ ಸ್ನಾಯುರಜ್ಜು ಅಂಟಿಕೊಳ್ಳದೆ ಜಾರ್ತಾ ಇರೋದು. ಮಣಿಕಟ್ಟು ನೇರ ಇಟ್ಟು ಬೆರಳು ನೆಟ್ಟಗೆ ಮಾಡಿ, ಆಮೇಲೆ ತುದಿ ಎರಡು ಗೆಣ್ಣು ಮಾತ್ರ ಮಡಚಿ ಕೊಕ್ಕೆ ಥರ, ಮತ್ತೆ ನೆಟ್ಟಗೆ, ಆಮೇಲೆ ಆದಷ್ಟು ಮುಷ್ಟಿ, ಹೀಗೆ ನಿಧಾನಕ್ಕೆ 5ರಿಂದ 10 ಸಲ, ದಿನಕ್ಕೆ ಮೂರ್ನಾಲ್ಕು ಹೊತ್ತು. ಹೆಬ್ಬೆರಳನ್ನ ಒಂದೊಂದು ಬೆರಳ ತುದಿಗೂ ಮುಟ್ಟಿಸಿ. ಗಾಯ ಪೂರ್ತಿ ಒಣಗಿದ್ರೆ ಕೊಬ್ಬರಿ ಎಣ್ಣೆ ಹಚ್ಚಿ ಕಲೆ ಮೇಲೆ ಮೆತ್ತಗೆ ತಿಕ್ಕಿ. ಜುಮ್ಮು ಜಾಸ್ತಿ ಆದ್ರೆ ನಿಲ್ಲಿಸಿ.

ಹಿಟ್ಟು ನಾದೋದು, ಕುಕ್ಕರ್ ಎತ್ತೋದು, ಬಟ್ಟೆ ಹಿಂಡೋದು 6 ವಾರ ಆಗೋವರೆಗೂ ಬೇಡ್ವೇ ಬೇಡ, ಆಮೇಲೂ ಸರ್ಜನ್ ಕೇಳಿ ಸ್ವಲ್ಪ ಸ್ವಲ್ಪವೇ ಶುರು ಮಾಡಿ, ಹಿಡಿತದ ಬಲ ಬರೋಕೆ ಎರಡ್ಮೂರು ತಿಂಗಳು ಬೇಕು. ಲೋಕಲ್ ಟ್ರೈನಲ್ಲಿ ಎಡಗೈಲೇ ಹಿಡ್ಕೊಳ್ಳಿ, ರಶ್ ಹೊತ್ತು ಹತ್ತಲೇಬೇಡಿ. ಗಾಯ ಕೆಂಪಾಗಿ ಕೀವು, ಜ್ವರ ಬಂದ್ರೆ ಅವತ್ತೇ ಡಾಕ್ಟರ್ ಹತ್ರ ಹೋಗಿ.